ಹದಿನಾಲ್ಕು–ಹದಿನೈದರ ನಡುವಿನ ಅಕ್ರೋಟು ಮರ

ಪ್ರೀತಿಯ ಆಂಬ್ರುಶ್ ಮಾಮ,

ನಿಮ್ಮ ಕಣ್ಣಿಗೆ ಈಗ ಅಕ್ಷರ ನಿಲ್ಲುವುದಿಲ್ಲ, ಈ ಕಾಗದವನ್ನು ನಿಮ್ಮ ಮಗಳೇ ಓದಿ ಹೇಳುತ್ತಾಳೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮಾರ್ಗಿತ್, ನೀನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಡುವೆ ಎಲ್ಲೋ ನಿನಗೆ ಸಿಟ್ಟು ನೆತ್ತಿಗೇರುತ್ತದೆ. ಏರಲಿ. ಒಂದು ಸಾಲೂ ಬಿಡದೆ ಅಪ್ಪನಿಗೆ ಓದು, ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು.

ಮಾಮ, ಹೋದ ಭಾನುವಾರ ನಾನು ನಿಮ್ಮಲ್ಲಿಗೆ ಬಂದದ್ದು ಒಂದು ಮಾತು ಹೇಳಲಿಕ್ಕೆ. ಹೊಳೆಯ ಏರಿ ಒಡೆದ ದಿನದ ಬಗ್ಗೆ ಐವತ್ತನಾಲ್ಕು ವರ್ಷದಿಂದ ನನ್ನೊಳಗೇ ಇಟ್ಟುಕೊಂಡ ಮಾತು. "ಏನಮ್ಮ, ಮಂಡಳಿಯವರು ನನ್ನನ್ನ ಎರಡನೇ ಸಲ ಕೆಲಸದಿಂದ ತೆಗೆಯೋಕೆ ನಿನ್ನ ಕಳಿಸಿದ್ರಾ?" ಎಂದು ನೀವು ಬಾಗಿಲಲ್ಲೇ ನಕ್ಕಿರಿ. ಅಲ್ಲಿಗೇ ನನ್ನ ಧೈರ್ಯ ಅರ್ಧ ಹೋಯಿತು. ಬೀನ್ಸ್ ಕಾಳಿನ ಸೂಪು ಎರಡು ಬಟ್ಟಲು ಕುಡಿದೆ, ಪ್ಲಮ್ ಸಾರಾಯಿ ಒಂದು ಗುಟುಕು ಹಾಕಿದೆ, ನೀವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ, ನನ್ನದನ್ನು ಹೇಳದೆ ಎದ್ದು ಬಂದೆ. ಬರುವ ಸೋಮವಾರ ಆ ಅಧ್ಯಾಯ ಅಚ್ಚಿಗೆ ಹೋಗುತ್ತದೆ. ಅದು ನಿಮಗೆ ಪುಸ್ತಕದಿಂದ ಗೊತ್ತಾಗಬಾರದು, ನನ್ನಿಂದ ಗೊತ್ತಾಗಬೇಕು.

ನಮ್ಮ ನೀರಾವರಿ ಮತ್ತು ನೆರೆ ರಕ್ಷಣಾ ಮಂಡಳಿಗೆ ನೂರೆಪ್ಪತ್ತೈದು ತುಂಬುತ್ತದೆ ಎಂದು ನಿರ್ದೇಶಕರಿಗೆ ಇದ್ದಕ್ಕಿದ್ದ ಹಾಗೆ ಇತಿಹಾಸದ ಮೇಲೆ ಪ್ರೀತಿ ಉಕ್ಕಿತು. ಮೂವತ್ತು ವರ್ಷ ಅದೇ ಕಚೇರಿಯ ಕಡತದ ಕೋಣೆಯಲ್ಲಿ ಧೂಳು ಕುಡಿದವಳು ನಾನು, ನಿವೃತ್ತಳಾದ ಮೇಲೂ ಬಿಡಲಿಲ್ಲ. "ಎತೆಲ್ಕ, ನೀನಲ್ಲದೆ ಇನ್ಯಾರು ಬರೀತಾರೆ? ಏರಿ ಮೇಲೇ ಹುಟ್ಟಿದವಳು" ಎಂದು ಬೆಣ್ಣೆ ಹಚ್ಚಿದರು. ನಾನೂ ಜಾರಿದೆ.

ಮೊದಲ ಆರು ಅಧ್ಯಾಯ ಸರಾಗವಾಗಿ ಹೋದವು. ಜಮೀನ್ದಾರರು ಸೇರಿ ಸಂಘ ಕಟ್ಟಿದ್ದು, ಟಿಸಾ ನದಿಯ ಸೊಟ್ಟಗಳನ್ನೆಲ್ಲ ಕತ್ತರಿಸಿ ನೆಟ್ಟಗೆ ಮಾಡಿದ್ದು, ಒಂಟಿಗಾಲಿ ತಳ್ಳುಗಾಡಿಯ ಮಣ್ಣುಕೂಲಿಗಳು ಎರಡು ತಲೆಮಾರು ಬೆನ್ನು ಮುರಿದುಕೊಂಡು ಏರಿ ಹಾಕಿದ್ದು. ಅವರು ಗುಂಡಿ ತೋಡುವಾಗ ನಡುವೆ ಒಂದು ಮಣ್ಣಿನ ಕಂಬವನ್ನು ಹಾಗೇ ಬಿಡುತ್ತಿದ್ದರಲ್ಲ, ಎಷ್ಟು ಆಳ ಅಗೆದೆವೆಂದು ಅಳತೆಯವನಿಗೆ ತೋರಿಸಲು? ಕೆಲವು ಖದೀಮರು ಅದರ ತಲೆಗೆ ಗರಿಕೆಯ ಹೆಂಟೆ ಇಟ್ಟು ಒಂದು ಗೇಣು ಎತ್ತರಿಸುತ್ತಿದ್ದರಂತೆ, ಅದನ್ನೂ ಬರೆದೆ. ಎದುರು ದಂಡೆಯವರ ಜೊತೆಗಿನ ಹಳೇ ಜಗಳ ಬರೆದೆ: ಅವರ ಏರಿ ಒಂದು ಮೊಳ ಎದ್ದರೆ ನಮ್ಮದೂ ಏಳಬೇಕು, ನೆರೆ ಬಂದಾಗ ದೋಣಿಯಲ್ಲಿ ಗುದ್ದಲಿ ಇಟ್ಟುಕೊಂಡು ಬರುವವರಿಗಾಗಿ ಬಂದೂಕು ಹಿಡಿದು ಕಾಯಬೇಕು, ಯಾಕೆಂದರೆ ಒಂದು ಕಡೆ ಒಡೆದರೆ ಇನ್ನೊಂದು ಕಡೆ ಬಚಾವು. ಯುದ್ಧ ಮುಗಿದ ಮೇಲೆ ಸರ್ಕಾರ ಸಂಘವನ್ನು ನುಂಗಿತು, ಕಾಲುವೆ ತೋಡಿಸಿತು, ಸವಳು ನೆಲದಲ್ಲಿ ಭತ್ತ ಬೆಳೆಯಿರಿ ಎಂದಿತು. ಎರಡು ವರ್ಷ ಭತ್ತ ಬಂತು, ಆಮೇಲೆ ಜೊಂಡು ಬಂತು.

ಯಾರದೋ ಮುತ್ತಜ್ಜನ ತಪ್ಪು ಬರೆಯುವುದು ಬಲು ಸುಲಭ. ಏಳನೇ ಅಧ್ಯಾಯಕ್ಕೆ, ನಮ್ಮ ಏರಿಯ ಹಿಂದೆ ಮುಳುಗಿದ ಶಾಶ್‌ರೇವ್ ಊರಿನ ಕಡತ ತೆಗೆದೆ. ಆ ದೊಡ್ಡ ಅನಾಹುತಕ್ಕೆ ನಾಲ್ಕೇ ನಾಲ್ಕು ಪುಟ ಇದೆ, ಮಾಮ. "ಹದಿನೈದನೇ ಕಾವಲುಗಾರ ಆಂಬ್ರುಶ್ ಬೋದೊ, ಮೂರನೇ ಹಾಗೂ ಅತ್ಯುನ್ನತ ದರ್ಜೆಯ ಎಚ್ಚರಿಕೆ ಜಾರಿಯಲ್ಲಿದ್ದಾಗ ತನ್ನ ಭಾಗವನ್ನು ತೊರೆದು ಹೋಗಿದ್ದರಿಂದ, ಏರಿಯಡಿಯಿಂದ ಉಕ್ಕಿದ ಬುಗ್ಗೆಯು ಸಕಾಲಕ್ಕೆ ಗಮನಕ್ಕೆ ಬಾರದೆ ಏರಿ ಒಡೆಯಿತು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದಕ್ಕೆ ಮೂರು ಜನ ಸಹಿ ಹಾಕಿದ್ದಾರೆ. ಇದನ್ನು ಎಷ್ಟು ಬರೆಯಲಿ ಎಂದು ನಿರ್ದೇಶಕರನ್ನು ಕೇಳಿದೆ. "ಒಂದು ಸಾಲು ಸಾಕು ಕಣಮ್ಮ. ಏರಿ ಒಡೀತು, ಮತ್ತೆ ಕಟ್ಟಿದ್ವಿ. ಜನ ಅವತ್ತು ಕೇಕ್ ತಿನ್ನೋಕೆ ಬರ್ತಾರೆ, ಅಳೋಕಲ್ಲ" ಎಂದರು. ನಾನು ಒಂಬತ್ತು ಪುಟ ಬರೆದಿದ್ದೇನೆ.

ಮರದ ವಿಷಯ ನಿಮಗೆ ಅರ್ಧ ಗೊತ್ತು. ಗೊತ್ತಿರುವ ಅರ್ಧವನ್ನೂ ಬರೆಯುತ್ತೇನೆ, ಮಾರ್ಗಿತ್‌ಗೆ ತಿಳಿಯಬೇಕಲ್ಲ.

ಏರಿಯುದ್ದಕ್ಕೂ ಇದ್ದ ಕಾವಲುಮನೆಗಳಲ್ಲಿ ಹದಿನಾಲ್ಕನೆಯದು ನಮ್ಮದು, ಹದಿನೈದನೆಯದು ನಿಮ್ಮದು. ನಡುವೆ ಗಡಿಕಲ್ಲು. ನಮ್ಮ ಮನೆಗಳ ಮಧ್ಯೆ ಒಂದೂವರೆ ಗಂಟೆಯ ನಡಿಗೆಯಷ್ಟೇ ಇದ್ದರೂ ವಿಭಾಗ ಬೇರೆ, ಇಂಜಿನಿಯರು ಬೇರೆ. ನಿಮ್ಮವರು ಮೇಲಿನಿಂದ ತನಿಖೆಗೆ ಬಂದು ನಿಮ್ಮ ಮನೆಯಾಕೆ ರೋಜಾಲಿ ಅತ್ತೆಯ ಕೈಯೂಟಕ್ಕೆ ಕೂರುತ್ತಿದ್ದರು, ನಮ್ಮವರು ಕೆಳಗಿನಿಂದ ಬಂದು ನಮ್ಮಮ್ಮನ ಖಾರದ ಮೀನುಸಾರಿಗೆ ಶರಣಾಗುತ್ತಿದ್ದರು. ಉಂಡ ಮೇಲೆ ಇಬ್ಬರೂ ಬಂದ ದಾರಿಯಲ್ಲೇ ವಾಪಸು. ಗಡಿಕಲ್ಲಿನ ಅಕ್ಕಪಕ್ಕದ ಏರಿಯನ್ನು ಯಾವ ಇಂಜಿನಿಯರೂ ಕಣ್ಣಿಂದ ನೋಡಿದ್ದಿಲ್ಲ. ನನಗಿಂತ ಮೊದಲು ಅಮ್ಮನಿಗೆ ಎರಡು ಮಕ್ಕಳು ಹುಟ್ಟಿ ಹೋಗಿದ್ದವು. ನಾನು ಹುಟ್ಟಿ ನಲವತ್ತು ದಿನ ಬದುಕಿದಾಗ ಅವಳು ಒಂದು ಅಕ್ರೋಟು ಸಸಿ ತಂದು, ನಮ್ಮ ಕಡೆಯ ಮಣ್ಣು ಎರಡು ಸಲ ಕಿತ್ತುಕೊಂಡಿದೆ, ಅದನ್ನು ನಂಬುವುದಿಲ್ಲ ಎಂದು ಕಲ್ಲಿನ ಆಚೆ, ನಿಮ್ಮ ಕಡೆ, ಏರಿಯ ಬುಡದಲ್ಲೇ ನೆಟ್ಟಳು. ಏರಿಯ ಬುಡದಿಂದ ಹತ್ತು ಹೆಜ್ಜೆಯೊಳಗೆ ಮರ ಇರಕೂಡದು ಎಂಬುದು ಕಾವಲುಮನೆಯ ಕೂಸಿಗೂ ಗೊತ್ತಿರುವ ನಿಯಮ. ನೀವು ನೋಡಿ ಅಮ್ಮನಿಗೆ ಏನೆಂದಿರಂತೆ ಗೊತ್ತೇ? "ಹೋಗ್ಲಿ ಬಿಡು ಪಿರೋಶ್ಕ, ಮಗು ಉಳೀತಲ್ಲ, ಮರಾನೂ ಇರ್ಲಿ. ನಿನ್ನ ಮೀನುಸಾರು, ರೋಜಾಲಿ ಊಟ ಬಿಟ್ಟು ಸಾಹೇಬ್ರು ಇಲ್ಲೀತನಕ ಯಾಕೆ ನಡೀತಾರೆ?" ಅಮ್ಮ ಸಾಯುವವರೆಗೂ ಈ ಮಾತನ್ನು ಹೇಳುತ್ತಿದ್ದಳು.

ನನಗೆ ಎಂಟು ವರ್ಷ ಆದಾಗ ನಿಮ್ಮ ವಿಭಾಗಕ್ಕೆ ಹೊಸ ಇಂಜಿನಿಯರು ಬಂದರು. ಹೊಟ್ಟೆಹುಣ್ಣಿನ ಮನುಷ್ಯ, ಬೇಯಿಸಿದ ಸೇಬು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಊಟದ ಹಂಗಿಲ್ಲದವರು ನಡೆಯುತ್ತಲೇ ಹೋದರು, ಹೋಗಿ ನನ್ನ ಮರವನ್ನು ಮುಟ್ಟಿದರು. ಮೂರು ದಿನದೊಳಗೆ ಬೇರು ಸಮೇತ ತೆಗೆದು, ಗುಂಡಿಗೆ ಜೇಡಿ ತುಂಬಿ ಕುಟ್ಟಬೇಕೆಂದು ನಿಮಗೆ ಆಜ್ಞೆಯಾಯಿತು. ಅಪ್ಪ ಬಂದು, "ಅದು ನನ್ನ ಮಗಳ ಮರ ಕಣಯ್ಯ, ನಾನೇ ಕಡೀತೀನಿ" ಎಂದರು. "ಬೇರು?" ಎಂದು ನೀವು ಕೇಳಿದಿರಿ. "ಬೇರು ಸಮೇತ" ಎಂದರು ಅಪ್ಪ. ಮೂರು ದಿನದ ಮೇಲೆ ಅಪ್ಪ ಬಂದು ಕೆಲಸ ಮುಗಿಯಿತು ಎಂದಾಗ ನೀವು ಹೋಗಿ ನೋಡಲಿಲ್ಲ. ಗೆಳೆಯನ ಮಾತಿಗೆ ಸಹಿ ಹಾಕಿದಿರಿ.

ನಿಮಗೆ ಗೊತ್ತಿಲ್ಲದ ಅರ್ಧ ಇಲ್ಲಿಂದ ಶುರು.

ಅಪ್ಪ ಮರ ಕಡಿದ ದಿನದಿಂದ ನಾನು ಅನ್ನ ನೀರು ಬಿಟ್ಟೆ. ಮರದ ಉಸಿರೇ ನಿನ್ನ ಉಸಿರು ಎಂದು ಅಮ್ಮ ಮುದ್ದಿಗೆ ಹೇಳಿದ್ದನ್ನು ನಾನು ನಿಜವೆಂದೇ ನಂಬಿದ್ದೆ. ಮೂರನೇ ದಿನ ಅಪ್ಪ ಬೇರು ತೆಗೆಯಲು ಹಾರೆ ತಂದರು. ಒಂದು ಮೊಳ ಅಗೆದಿರಬೇಕು, ನಾನು ಹೋಗಿ ಗುಂಡಿಯೊಳಗೆ ಇಳಿದು ಬುಡವನ್ನು ತಬ್ಬಿ ಕೂತೆ. "ಬೇರು ಕಿತ್ರೆ ನಾನು ಸತ್ತೋಗ್ತೀನಿ, ಆ ಪಾಪುಗಳು ಸತ್ತೋದ್ವಲ್ಲ, ಹಂಗೆ" ಎಂದೆ. ಎಂಟು ವರ್ಷದವಳಿಗೆ ಎಲ್ಲಿ ಹೊಡೆದರೆ ಅಪ್ಪ ಬೀಳುತ್ತಾರೆಂದು ಹೇಗೆ ತಿಳಿದಿತ್ತೋ! ಅಪ್ಪ ಹಾರೆ ಕೆಳಗಿಟ್ಟರು. ಆಮೇಲೆ ನನ್ನನ್ನು ಎತ್ತಿ ಹೊರಗೆ ಕೂರಿಸಿ, ಮಣ್ಣು ಮುಚ್ಚಿ, ಮೇಲೆ ಗರಿಕೆಯ ಹೆಂಟೆ ಹೊದಿಸಿದರು. "ಅಳಬೇಡ. ಬೇರು ಇದೆ, ವಸಂತಕ್ಕೆ ಚಿಗುರತ್ತೆ. ಯಾರಿಗೂ ಹೇಳಬೇಡ, ಆಂಬ್ರುಶ್ ಮಾಮನಿಗೂ ಹೇಳಬೇಡ" ಎಂದರು.

ಮೂರು ವಸಂತ ನಾನು ಕದ್ದು ಹೋಗಿ ನೋಡಿದೆ. ಚಿಗುರಲಿಲ್ಲ. ಅಪ್ಪನ ಮೇಲೆ ಮುನಿಸಿಕೊಂಡೆ. "ಮುಂದಿನ ವರ್ಷ ನೋಡೋಣ" ಎಂದರು, ಮುಖ ಆ ಕಡೆ ತಿರುಗಿಸಿ. ಬೇರು ಚಿಗುರದಿದ್ದರೆ ಕೊಳೆಯುತ್ತದೆ, ಕೊಳೆತರೆ ಏರಿಯ ಹೊಟ್ಟೆಯೊಳಗೆ ಕೊಳವೆಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಅಪ್ಪನ ಮೇಲಿನ ಪ್ರೀತಿಯಿಂದ ಈ ಮಾತನ್ನು ಮೆತ್ತಗೆ ಮಾಡುವುದಿಲ್ಲ, ಮಾಮ. ಮೊದಲ ವರ್ಷ ಮಗಳಿಗಾಗಿ ಬಿಟ್ಟರು ಎನ್ನಿ, ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಉಳಿದ ಮೂರು ವರ್ಷ ಯಾವ ದಿನ ಬೇಕಾದರೂ ಅಗೆಯಬಹುದಿತ್ತು. ಅಗೆದರೆ ನಿಮಗೆ ಕಾಣುತ್ತಿತ್ತು, ನಿಮಗೆ ಸುಳ್ಳು ಹೇಳಿದ್ದು ಬಯಲಾಗುತ್ತಿತ್ತು. ಆ ನಾಚಿಕೆಗೆ ಹೆದರಿ ಸುಮ್ಮನಿದ್ದರು.

ನನಗೆ ಹನ್ನೆರಡು ತುಂಬಿದ ವಸಂತದಲ್ಲಿ ಆ ನೆರೆ. ಮೂರು ವಾರದಿಂದ ನೀರು ಏರಿಯ ತಲೆಗೆ ಒಂದು ಮೊಳ ಕೆಳಗೆ ನಿಂತಿತ್ತು. ಅವತ್ತು ಬೆಳಿಗ್ಗೆ ನಮ್ಮ ಮನೆಯ ಹಿಂದೆಯೇ ನಾಲ್ಕು ಕಡೆ ಮರಳು ಬುಗ್ಗೆ ಎದ್ದವು. ಅಪ್ಪ ಹೇಳಿಕಳಿಸಿದರು, ನೀವು ನಿಮ್ಮ ಎಂಟು ಜನರನ್ನು ಕಟ್ಟಿಕೊಂಡು ಗಾಡಿಯಲ್ಲಿ ಬಂದಿರಿ. ತೊರೆದು ಹೋದದ್ದು ಅಂತ ಕಡತದಲ್ಲಿ ಬರೆದಿರುವುದು ಇದನ್ನು! ಬಂದವರೇ ಎಂದಿನಂತೆ ಗದರಿದಿರಿ: "ಮುಚ್ಚಬ್ಯಾಡ್ರೋ! ಬುಗ್ಗೆ ಬಾಯಿಗೆ ಚೀಲ ತುರುಕಿದ್ರೆ ಅದು ಇನ್ನೊಂದು ಕಡೆ ಬಾಯಿ ಬಿಡತ್ತೆ. ಸುತ್ತ ಬಾವಿಕಟ್ಟೆ ಥರ ಕಟ್ಟಿ, ಒಳಗೆ ನೀರು ನಿಲ್ಲಲಿ, ಆ ನೀರೇ ಅದನ್ನ ತಡೀತದೆ." ಬುಗ್ಗೆಯ ನೀರು ತಿಳಿಯಾಗುವವರೆಗೆ ನೀವು ಸೊಂಟ ನೆಟ್ಟಗೆ ಮಾಡಲಿಲ್ಲ.

ನಾನು ಗಡಿಕಲ್ಲಿನ ಆಚೆ ದೂರದಲ್ಲಿ ನೀವು ಕಾವಲಿಗೆ ಬಿಟ್ಟು ಬಂದಿದ್ದ ಇಬ್ಬರಿಗೆ ರೊಟ್ಟಿ, ಹಂದಿಕೊಬ್ಬು ಕೊಡಲು ಸೈಕಲ್ಲಿನಲ್ಲಿ ಹೊರಟಿದ್ದೆ. ಕಲ್ಲು ದಾಟಿ ನಾಲ್ಕು ಹೆಜ್ಜೆಗೆ ಗರಿಕೆ ಉಬ್ಬಿತ್ತು, ನಡುವೆ ಕಂದು ನೀರು ಕುದಿಯುತ್ತಿತ್ತು. ನನ್ನ ಮರದ ಜಾಗ. ತಿರುಗಿಸಿದ ಸೈಕಲ್ಲು ನಿಮ್ಮ ಮುಂದೆ ನಿಂತಿತು. ಯಾಕೆ ಅಪ್ಪನ ಬಳಿ ಹೋಗಲಿಲ್ಲವೋ ಗೊತ್ತಿಲ್ಲ, ನಿಮಗೇ ಹೇಳಿದೆ. ನೀವು ಅದೇ ಸೈಕಲ್ಲು ಕಿತ್ತುಕೊಂಡು ಹೊರಟಿರಿ. "ಓಡು, ನಿಮ್ಮಪ್ಪಂಗೆ ಹೇಳು, ಜನ ಚೀಲ ಎರಡೂ ಬರ್ಲಿ!" ಎಂದು ಕೂಗಿದಿರಿ. ಗಾಡಿಗೆ ಚೀಲ ಹೇರಿ ಅಪ್ಪ ಅರ್ಧ ದಾರಿ ಬರುವಷ್ಟರಲ್ಲಿ ಸದ್ದು ಕೇಳಿತು. ನಾವು ತಲುಪಿದಾಗ ಮೂವತ್ತು ಮಾರು ಏರಿ ಇರಲಿಲ್ಲ. ನೀವು ಮುರಿದ ಅಂಚಿನಲ್ಲಿ ಒಬ್ಬರೇ ನಿಂತಿದ್ದಿರಿ, ಕೈ ಮೊಣಕೈವರೆಗೆ ಕೆಸರು.

ಶಾಶ್‌ರೇವ್‌ನ ಹಸಿ ಇಟ್ಟಿಗೆಯ ನೂರಾ ಹತ್ತು ಮನೆಗಳು ಸಂಜೆಯೊಳಗೆ ಕರಗಿ ಕೂತವು. ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರಗೆ ಸಾಗಿಸಿದ್ದರು. ರೋಜಾಲಿ ಅತ್ತೆಯ ತಾಯಿ, ನಿಮ್ಮ ಅತ್ತೆ ವೆರೋನ್ ಅಜ್ಜಿ ಮಾತ್ರ, ಮೊಟ್ಟೆಗೆ ಕೂತ ಬಾತನ್ನು ಬಿಟ್ಟು ಬರಲಾರೆ ಎಂದು ಟ್ರ್ಯಾಕ್ಟರಿನಿಂದ ಇಳಿದು ವಾಪಸು ಹೋದರು. ಮೂರು ದಿನದ ಮೇಲೆ ಸಿಕ್ಕರು. ಮಾರ್ಗಿತ್, ನಿನ್ನ ಅಜ್ಜಿ ನನಗೂ ಗಸಗಸೆ ಶಾವಿಗೆ ತಿನ್ನಿಸಿದ ಅಜ್ಜಿ. ನಿಲ್ಲಿಸಬೇಡ, ಓದು.

ಎದುರು ದಂಡೆಯಲ್ಲಿ ನೀರು ಎರಡು ಗೇಣು ಇಳಿಯಿತು, ಅಲ್ಲಿಯವರು ದೇವರನ್ನು ನೆನೆದರಂತೆ. ನಮ್ಮ ಹದಿನಾಲ್ಕನೇ ಭಾಗವೂ ಅದರಿಂದಲೇ ಉಳಿಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ತನಿಖೆಯವರು ಬಂದರು. ಬುಡವನ್ನೂ ಬೇರನ್ನೂ ನೀರು ಕೊಚ್ಚಿಕೊಂಡು ಹೋಗಿ ಅಲ್ಲಿ ನಾಲ್ಕಾಳು ಆಳದ ಮಡು ಆಗಿತ್ತು, ಅವರಿಗೆ ಕಂಡದ್ದು ಬರೀ ಮಡು. ನಿಮ್ಮ ಭಾಗ, ನೀವು ಇರಲಿಲ್ಲ, ಮುಗಿಯಿತು, ಕೆಲಸದಿಂದ ತೆಗೆದರು. ಅಪ್ಪನಿಗೆ ಬುಗ್ಗೆ ಕಟ್ಟಿದ್ದಕ್ಕೆ ಮೆಚ್ಚುಗೆ ಪತ್ರ ಕೊಟ್ಟರು. ಆ ವಾರವೇ ಅಡುಗೆಮನೆಯಲ್ಲಿ ಅಪ್ಪ ಅಮ್ಮನಿಗೆ ಕೊಳೆತ ಬೇರಿನಿಂದಲೇ ಏರಿ ಒಡೆದ ವಿಷಯ ಹೇಳುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ. ನೀವು ಸಾಮಾನು ಹೇರಿಕೊಂಡು ಹೋಗುವಾಗ ಅಪ್ಪ ಹೊರಗೆ ಬರಲಿಲ್ಲ. ನಾನು ಬಂದೆ. ನೀವು ನನ್ನ ತಲೆ ಸವರಿ, "ಚೆನ್ನಾಗಿ ಓದು" ಎಂದಿರಿ. ನಾನು ಬಾಯಿ ಬಿಡುವುದಿದ್ದರೆ ಅವತ್ತೇ ಬಿಡಬೇಕಿತ್ತು.

ಅದಾದ ಮೇಲೆ ಅಪ್ಪ ಹತ್ತೊಂಬತ್ತು ವರ್ಷ ಏರಿ ಕಾದರು. ಕ್ರಿಸ್‌ಮಸ್ಸಿಗೆ ನಮ್ಮ ಮನೆಯಲ್ಲಿ ಅಕ್ರೋಟು ತುಂಬಿದ ಸಿಹಿ ಸುರುಳಿ ಮಾಡುವುದು ನಿಂತಿತು, ಗಸಗಸೆಯದು ಮಾತ್ರ. ಬಂದವರು ಕೇಳಿದರೆ ಅಮ್ಮ, "ಇವರಿಗೆ ಹಲ್ಲುನೋವು" ಎನ್ನುತ್ತಿದ್ದಳು. ನಾನು ಪಟ್ಟಣದಿಂದ ಬಂದಾಗಲೆಲ್ಲ ಅಪ್ಪ, "ಆಂಬ್ರುಶ್ ಕಂಡಿದ್ನಾ?" ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಎಷ್ಟೋ ಸಲ ಮಾರುಕಟ್ಟೆಯಲ್ಲಿ ನಿಮ್ಮನ್ನು ಕಂಡು ಬೇರೆ ಓಣಿಗೆ ತಿರುಗಿದ್ದೆ.

ಭಾನುವಾರ ನಾನು, ಪುಸ್ತಕದಲ್ಲಿ ನಿಮ್ಮ ಹೆಸರಿನ ಮೇಲಿನ ಮಸಿ ತೊಳೆಯುತ್ತೇನೆ ಎಂದು ದೊಡ್ಡದಾಗಿ ಶುರು ಮಾಡಿದೆ. ನೀವು ಕೈ ಅಡ್ಡ ಹಿಡಿದಿರಿ. ಆಮೇಲೆ ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆದುಕೊಂಡಿದ್ದೇನೆ. "ತಡಿ ಮಗಳೇ. ಬುಗ್ಗೆಯಲ್ಲಿ ಕರೀ ಬೇರಿನ ತುದಿ ಕಾಣ್ತಿತ್ತು. ನೋಡಿದ ತಕ್ಷಣ ಗೊತ್ತಾಯ್ತು, ನಿಮ್ಮಪ್ಪ ಬೇರು ತೆಗೆದಿಲ್ಲ ಅಂತ. ಇಂಜಿನಿಯರ್ ಬಂದು ನೋಡಿದ್ರೆ ನಿಮ್ಮಪ್ಪ ಜೈಲಿಗೇ ಹೋಗ್ತಿದ್ದ. ಯಾರೂ ಬರೋದ್ರೊಳಗೆ ಕಿತ್ತು ಹೊಳೆಗೆ ಎಸೆದುಬಿಡೋಣ ಅಂತ ಎಳೆದೆ. ತೋಳುದ್ದ ಬೇರು ಬಂತು, ಅದರ ಹಿಂದೆ ತೊಡೆ ಗಾತ್ರ ನೀರು ಬಂತು. ಮುಟ್ಟಬಾರದು ಅಂತ ಊರಿಗೆಲ್ಲ ಹೇಳ್ಕೊಟ್ಟೋನು ನಾನು, ನಾನೇ ಎಳೆದೆ. ಬರೆಯೋದಾದ್ರೆ ಇದನ್ನ ಬರಿ."

ರೋಜಾಲಿ ಅತ್ತೆಗೆ ಹೇಳಿದ್ದಿರಾ ಎಂದು ಕೇಳಿದೆ. ಇಲ್ಲ ಎಂದಿರಿ. ಬೇರು ಎಂದರೆ ಯಾರ ಬೇರು ಎನ್ನುತ್ತಿದ್ದಳು, ಆಮೇಲೆ ನಿಮ್ಮಪ್ಪನ ಮನೆ ಬಾಗಿಲಿಗೆ ಹೋಗುತ್ತಿದ್ದಳು ಎಂದಿರಿ. ಗಂಡ ಕಾವಲು ಬಿಟ್ಟು ಹೋದದ್ದಕ್ಕೇ ತನ್ನ ತಾಯಿ ಸತ್ತಳು ಎಂದು ನಂಬಿಕೊಂಡೇ ಅವರು ನಲವತ್ತಮೂರು ವರ್ಷ ನಿಮಗೆ ಬಡಿಸಿದರು, ನಂಬಿಕೊಂಡೇ ಹೋದರು. "ಒಳ್ಳೇ ಹೆಂಗಸು. ಒಂದು ದಿನ ಬಾಯಿ ಬಿಟ್ಟು ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು" ಎಂದಿರಿ.

ಇಷ್ಟು ಹೇಳಿ, ನನ್ನ ಮುಖ ನೋಡಿ, ನನ್ನನ್ನೇ ಸಮಾಧಾನ ಮಾಡಿದಿರಿ. "ನಿಮ್ಮಪ್ಪ ಕೆಟ್ಟವನಲ್ಲಮ್ಮ, ಸ್ವಲ್ಪ ಮೈಗಳ್ಳ. ಬೇರು ಅಗೆಯೋಕೆ ಸೋಮಾರಿತನ ಮಾಡಿದ, ಅಷ್ಟೇ. ಯಾರು ಮಾಡಲ್ಲ? ಅದನ್ನ ನಾನು ಯಾವತ್ತೋ ಕ್ಷಮಿಸಿಬಿಟ್ಟೆ." ಆಗ ನಾನು ಗುಟುಕು ಹಾಕಿ ಕೆಮ್ಮಿದೆ. ಸಾರಾಯಿ ಖಾರ ಎಂದು ನೀವು ನಕ್ಕಿರಿ.

ಹಳೆಯ ಗೆಳತಿಯೊಬ್ಬಳ ಮಗ ಈಗ ಮಂಡಳಿಯಲ್ಲಿ ಇಂಜಿನಿಯರು. ಹೆಸರು ಹೇಳದೆ ಅವನನ್ನು ಕೇಳಿದೆ: ಬೇರು ಎಳೆಯದಿದ್ದರೆ ಏರಿ ನಿಲ್ಲುತ್ತಿತ್ತೆ? ನಿಲ್ಲುತ್ತಿರಲಿಲ್ಲ ಎಂದು ಹೇಳಲಿ ಎಂದು ಒಳಗೇ ಬೇಡಿಕೊಂಡೆ. "ಚೀಲ ಬಂದು ಕಟ್ಟೆ ಕಟ್ಟೋವರೆಗೆ ತಡೆದಿದ್ರೂ ತಡೀಬಹುದಿತ್ತು ಆಂಟಿ, ಹೇಳಕ್ಕಾಗಲ್ಲ" ಎಂದ. ನಿಮಗೆ ಸುಳ್ಳು ಹೇಳಿ ಸುಖವಾಗಿಡುವ ಕೆಲಸ ನಮ್ಮ ಮನೆಯವರು ಒಮ್ಮೆ ಮಾಡಿ ಆಗಿದೆ, ಅದಕ್ಕೇ ಇದನ್ನೂ ಇದ್ದ ಹಾಗೇ ಬರೆದೆ.

ಒಂಬತ್ತು ಪುಟದಲ್ಲಿ ಹೀಗಿದೆ: ಮರ ನೆಟ್ಟದ್ದು ನನ್ನಮ್ಮ, ನೆಡಲು ಬಿಟ್ಟದ್ದು ನೀವು, ಬೇರು ಉಳಿಸೆಂದು ಹಟ ಹಿಡಿದದ್ದು ನಾನು, ತಿಳಿದೂ ತಿಳಿದೂ ಉಳಿಸಿ ನಿಮಗೆ ಸುಳ್ಳು ಹೇಳಿದ್ದು ಅಪ್ಪ.  ಬೇರು ಎಳೆದ ಮಾತು ನಿಮ್ಮದೇ ಬಾಯಿಂದ ಇದೆ, ಆದರೆ ಅದನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ಅದು ಜಗತ್ತಿನಲ್ಲಿ ನಮಗಿಬ್ಬರಿಗೆ, ಈಗ ಮಾರ್ಗಿತ್‌ಗೆ, ಮಾತ್ರ ಗೊತ್ತು. ಅಳಿಸು ಎಂದರೆ ಅಳಿಸುತ್ತೇನೆ. ನನ್ನದನ್ನೂ ಅಪ್ಪನದನ್ನೂ ಅಳಿಸು ಎನ್ನಬೇಡಿ. ಅವು ಶಾಯಿಯಲ್ಲಿವೆ.

ಮಾಮ, ನೀವು ಕ್ಷಮಿಸಿದ್ದು ಒಬ್ಬ ಸೋಮಾರಿಯನ್ನು. ಅಂಥ ಮನುಷ್ಯ ಇರಲೇ ಇಲ್ಲ. ಇದ್ದವನು ಬೇರೆ, ಅವನ ಮಗಳು ನಾನು. ಆ ಕ್ಷಮೆಯನ್ನು ವಾಪಸು ತೆಗೆದುಕೊಳ್ಳುವ ಹಕ್ಕು ನಿಮಗಿದೆ, ಅದನ್ನು ಹೇಳಲೆಂದೇ ಇಷ್ಟುದ್ದ ಬರೆದೆ. ಈ ಭಾನುವಾರ ಹತ್ತರ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಯಾಕೆಂದು ನನಗೆ ತಿಳಿಯುತ್ತದೆ, ಮೂರರ ಬಸ್ಸಿನವರೆಗೆ ಮೆಟ್ಟಿಲ ಮೇಲೆ ಕೂತಿದ್ದು ಹೋಗುತ್ತೇನೆ.

ಹರಸಿ ಎಂದು ಕೇಳುವ ಮುಖ ನನಗಿಲ್ಲ. ನಿಮಗೆ ಒಳ್ಳೆಯ ನಿದ್ದೆ ಬರಲಿ, ಮಾಮ. ಮಾರ್ಗಿತ್, ಓದಿದ್ದಕ್ಕೆ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಹದಿನಾಲ್ಕನೇ ಕಾವಲುಮನೆಯ
ಎತೆಲ್ಕ